ಮತಯಂತ್ರಕ್ಕೆ ಕಾಗದದ ಸಾಕ್ಷಿ

ವಿದ್ಯುನ್ಮಾನ ಮತದಾನದ ತೊಡಕೆಲ್ಲ ಹುಟ್ಟುವುದು ಒಂದಕ್ಕೊಂದು ಹೊಂದದ ಎರಡು ನಿಯಮಗಳಿಂದ. ಯಾರು ಯಾರಿಗೆ ಮತ ಹಾಕಿದರೆಂಬುದು ಯಾರಿಗೂ ತಿಳಿಯಬಾರದು. ಹಾಕಿದ ಪ್ರತಿ ಮತವೂ ಸರಿಯಾಗಿ ಲೆಕ್ಕಕ್ಕೆ ಬಂತೆಂದು ಎಲ್ಲರಿಗೂ ಖಾತ್ರಿಯಾಗಬೇಕು. ಮತಪತ್ರದ ಕಾಲದಲ್ಲಿ ಪೆಟ್ಟಿಗೆಯೇ ಈ ಎರಡಕ್ಕೂ ಉತ್ತರವಾಗಿತ್ತು. ಒಳಗೆ ಬಿದ್ದ ಮೇಲೆ ಚೀಟಿ ಯಾರದೆಂದು ಹೇಳಲಾಗದು, ಆದರೆ ಚೀಟಿ ಅಲ್ಲೇ ಇರುತ್ತದೆ. ಅನುಮಾನ ಬಂದರೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದು ಇನ್ನೊಮ್ಮೆ ಎಣಿಸಬಹುದು. ಮತವು ಮೆಮೊರಿಯಲ್ಲಿ ಒಂದು ಅಂಕಿಯಾಗಿ ಮಾತ್ರ ಉಳಿದರೆ ಹಾಗೆ ಸುರಿದು ಎಣಿಸಲು ಏನೂ ಇರುವುದಿಲ್ಲ. ಯಂತ್ರವನ್ನು ಎರಡನೇ ಸಲ ಕೇಳಿದರೂ ಅದು ಮೊದಲು ಹೇಳಿದ್ದನ್ನೇ ಹೇಳುತ್ತದೆ. ವಿದ್ಯುನ್ಮಾನ ಮತದಾನಕ್ಕೆ ಕಾಗದದ ದಾಖಲೆ ಕಡ್ಡಾಯವಾಗಬೇಕೆಂಬ ಬೇಡಿಕೆಯ ಮೂಲ ಇಷ್ಟೇ: ಯಂತ್ರದ ಮಾತನ್ನು ಯಂತ್ರದ ಹೊರಗಿನ ಒಂದು ಸಾಕ್ಷಿಯೊಡನೆ ತಾಳೆ ನೋಡುವ ದಾರಿ ಇರಬೇಕು.

ಈ ಸಾಕ್ಷಿ ಮೂರು ರೂಪಗಳಲ್ಲಿ ಬಳಕೆಗೆ ಬಂದಿದೆ. ಮತದಾರ ಪೆನ್ನಿನಿಂದ ತಾನೇ ಗುರುತು ಹಾಕಿದ ಕಾಗದವನ್ನು ಸ್ಕ್ಯಾನರ್ ಓದುವುದು ಒಂದು ಬಗೆ. ಇಲ್ಲಿ ಎಣಿಸುವುದಷ್ಟೇ ಯಂತ್ರದ ಕೆಲಸ. ಪರದೆ ಮುಟ್ಟಿ ಆಯ್ಕೆ ಮಾಡಿದ ಮೇಲೆ ಯಂತ್ರವೇ ಮತಪತ್ರವನ್ನು ಮುದ್ರಿಸಿ ಕೈಗೆ ಕೊಡುವುದು ಎರಡನೆಯದು. ಮೂರನೆಯದು ಭಾರತದ ಮತದಾರರು ಬಲ್ಲ ವಿವಿಪ್ಯಾಟ್: ಮತ ಯಂತ್ರದಲ್ಲೇ ದಾಖಲಾಗುತ್ತದೆ, ಪಕ್ಕದ ಮುದ್ರಕದ ಗಾಜಿನ ಹಿಂದೆ ಒಂದು ಚೀಟಿ ಕಾಣಿಸಿಕೊಂಡು ಕೆಳಗಿನ ಡಬ್ಬಿಗೆ ಬೀಳುತ್ತದೆ. ಚೀಟಿಯನ್ನು ಕಣ್ಣಿನಿಂದ ನೋಡಬಹುದು, ಕೈಯಲ್ಲಿ ಮುಟ್ಟುವಂತಿಲ್ಲ. ಮತದಾರನ ಕೈಗೆ ಕೊಟ್ಟರೆ ಅದು ಮತ ಮಾರಾಟದ ರಸೀದಿಯಾಗುತ್ತದೆ ಎಂಬ ಕಾರಣಕ್ಕೆ ಗಾಜಿನ ತಡೆ ಇದೆ. ಗಾಜಿನ ಹಿಂದಿನ ಕಾಗದದ ಈ ಕಲ್ಪನೆಯನ್ನು 2000ದ ಸುಮಾರಿಗೆ ಸ್ಪಷ್ಟವಾಗಿ ಮಂಡಿಸಿದವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೆಬೆಕಾ ಮರ್ಕ್ಯುರಿ.

ಬೇಡಿಕೆ ಬಲಗೊಂಡದ್ದೂ ಅಮೆರಿಕದಲ್ಲೇ, ಅದೂ ಕಾಗದವೇ ಕೈಕೊಟ್ಟ ಒಂದು ಚುನಾವಣೆಯ ನಂತರ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯ 537 ಮತಗಳ ಅಂತರದಲ್ಲಿ ಜಾರ್ಜ್ ಬುಷ್ ಪಾಲಾಯಿತು. ಅಲ್ಲಿನ ಹಲವು ಕೌಂಟಿಗಳಲ್ಲಿ ಮತದಾರರು ಕಾರ್ಡಿಗೆ ತೂತು ಕೊರೆದು ಮತ ಹಾಕುತ್ತಿದ್ದರು. ಅರ್ಧ ಕೊರೆದ ತೂತು, ಅಂಚಿಗೆ ಅಂಟಿ ಜೋತಾಡುವ ಕಾಗದದ ಚೂರು ಇವನ್ನು ಮತವೆಂದು ಎಣಿಸಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದಕ್ಕೆ ಪರಿಹಾರವಾಗಿ ಬಂದ 2002ರ ಕಾಯ್ದೆ ಹಳೆಯ ಯಂತ್ರಗಳನ್ನು ಬದಲಿಸಲು ರಾಜ್ಯಗಳಿಗೆ ಅಪಾರ ಹಣ ಕೊಟ್ಟಿತು. ಆ ಹಣದಲ್ಲಿ ಅನೇಕ ಕೌಂಟಿಗಳು ಕಾಗದವೇ ಇಲ್ಲದ ಟಚ್‌ಸ್ಕ್ರೀನ್ ಯಂತ್ರಗಳನ್ನು ಕೊಂಡವು. ಕೆಟ್ಟ ಕಾಗದದ ರೋಗಕ್ಕೆ ಕಾಗದವನ್ನೇ ತೆಗೆದುಹಾಕುವ ಮದ್ದು ಮಾಡಲಾಯಿತು.

ಆದರೆ 2000ದ ಆ ಚುನಾವಣೆಯ ರಾತ್ರಿಯೇ ಅದೇ ಫ್ಲೋರಿಡಾದಲ್ಲಿ ಬೇರೊಂದು ಪಾಠವೂ ಕಂಡಿತ್ತು. ವೊಲೂಸಿಯಾ ಕೌಂಟಿಯ ಒಂದು ಮತಗಟ್ಟೆಯಿಂದ ಬುಷ್ ಅವರ ಎದುರಾಳಿ ಆಲ್ ಗೋರ್ ಅವರಿಗೆ ಋಣ 16,022 ಮತ ಎಂಬ ಲೆಕ್ಕ ಬಂದಿತು. ಮತ ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವಿಲ್ಲವಾದ್ದರಿಂದ ತಪ್ಪು ಬೇಗ ಗೊತ್ತಾಯಿತು. ಅಲ್ಲಿ ಬಳಸಿದ್ದು ಕಾಗದ ಓದುವ ಸ್ಕ್ಯಾನರ್ ಆದ್ದರಿಂದ ಸರಿಯಾದ ಲೆಕ್ಕವೂ ಸಿಕ್ಕಿತು. ಕಾಗದವಿಲ್ಲದ ಕಡೆ ಈ ಅದೃಷ್ಟ ಇರಲಿಲ್ಲ. 2004ರಲ್ಲಿ ಉತ್ತರ ಕರೋಲಿನಾದ ಕಾರ್ಟರೆಟ್ ಕೌಂಟಿಯಲ್ಲಿ ಯಂತ್ರದ ಮೆಮೊರಿ ತುಂಬಿದ ಮೇಲೂ ಜನ ಮತ ಹಾಕುತ್ತಲೇ ಹೋದರು. 4,438 ಮತಗಳು ದಾಖಲಾಗದೆ ಮಾಯವಾದವು. ರಾಜ್ಯದ ಕೃಷಿ ಆಯುಕ್ತ ಹುದ್ದೆಯ ಸ್ಪರ್ಧೆಯಲ್ಲಿ ಗೆಲುವಿನ ಅಂತರ ಅದಕ್ಕಿಂತ ಕಡಿಮೆಯಿತ್ತು. ಕಳೆದ ಮತಗಳನ್ನು ಮರಳಿ ತರುವ ಯಾವ ಉಪಾಯವೂ ಇರಲಿಲ್ಲ. ಮರುವರ್ಷವೇ ಆ ರಾಜ್ಯ ಕಾಗದವನ್ನು ಕಡ್ಡಾಯ ಮಾಡಿತು. 2006ರಲ್ಲಿ ಫ್ಲೋರಿಡಾದ ಸರಸೋಟಾ ಕೌಂಟಿಯಲ್ಲಿ ಸಂಸತ್ ಸ್ಥಾನದ ಸ್ಪರ್ಧೆಗೆ ಸುಮಾರು 18,000 ಮತದಾರರು ಮತವನ್ನೇ ಹಾಕಿಲ್ಲವೆಂದು ಯಂತ್ರಗಳು ತೋರಿಸಿದವು; ಗೆಲುವಿನ ಅಂತರ 369. ಅಷ್ಟು ಜನ ಬೇಕೆಂದೇ ಬಿಟ್ಟರೋ, ಪರದೆಯ ವಿನ್ಯಾಸದಿಂದ ಎಡವಿದರೋ, ಯಂತ್ರ ನುಂಗಿತೋ ಎಂದು ತಜ್ಞರು ವರ್ಷಗಟ್ಟಲೆ ವಾದಿಸಿದರು. ಆ ವಾದ ಮುಗಿಯದೆ ಉಳಿದದ್ದೇ ಕಾಗದದ ಪರವಾದ ಅತ್ಯಂತ ಗಟ್ಟಿ ವಾದ ಎನ್ನಬೇಕು.

ಇದೇ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ಸಂಶೋಧಕರು ಯಂತ್ರಗಳ ಒಳಗನ್ನು ಬಿಚ್ಚಿ ನೋಡತೊಡಗಿದ್ದರು. 2003ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮತ್ತು ರೈಸ್ ವಿಶ್ವವಿದ್ಯಾಲಯಗಳ ತಂಡ ಡೀಬೋಲ್ಡ್ ಕಂಪನಿಯ ಮತಯಂತ್ರದ ತಂತ್ರಾಂಶವನ್ನು ಓದಿ ಅದರ ಭದ್ರತೆ ತೀರ ಕಳಪೆ ಎಂದಿತು. 2006ರಲ್ಲಿ ಪ್ರಿನ್ಸ್‌ಟನ್ ತಂಡ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿ ಮತ ಕದಿಯುವ ವೈರಸ್ಸನ್ನು ಮಾಡಿ ತೋರಿಸಿತು. ಭೌತವಿಜ್ಞಾನಿಯೂ ಆಗಿದ್ದ ಸಂಸದ ರಷ್ ಹೋಲ್ಟ್ 2003ರಿಂದ ಮತ್ತೆ ಮತ್ತೆ ಮಂಡಿಸಿದ ಕಾಗದ ಕಡ್ಡಾಯ ಮಸೂದೆ ಕಾಯ್ದೆಯಾಗಲೇ ಇಲ್ಲ. ಕೆಲಸ ನಡೆದದ್ದು ರಾಜ್ಯಗಳ ಮಟ್ಟದಲ್ಲಿ. 2004ರಲ್ಲಿ ನೆವಾಡ ಗಾಜಿನ ಹಿಂದಿನ ಕಾಗದವನ್ನು ಇಡೀ ರಾಜ್ಯದಲ್ಲಿ ಬಳಸಿತು, ಆಮೇಲೆ ಒಂದೊಂದಾಗಿ ಹೆಚ್ಚಿನ ರಾಜ್ಯಗಳು ಕಾಗದದ ಕಡೆಗೆ ಬಂದವು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ, ಮನುಷ್ಯರು ಓದಬಲ್ಲ ಕಾಗದದ ಮತಪತ್ರವನ್ನೇ ಎಲ್ಲೆಡೆ ಬಳಸಬೇಕೆಂದು ಶಿಫಾರಸು ಮಾಡಿತು. ಈಗ ಅಲ್ಲಿನ ಬಹುಪಾಲು ಮತಗಳು ಕಾಗದದ ಮೇಲೆಯೇ ಬೀಳುತ್ತವೆ.

ಕಾಗದ ಬಂದ ಮೇಲೆ ಏನಾಯಿತೆಂಬುದಕ್ಕೆ 2019ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದ ನಾರ್ಥಾಂಪ್ಟನ್ ಕೌಂಟಿಯಲ್ಲಿ ನಡೆದದ್ದು ಒಳ್ಳೆಯ ನಿದರ್ಶನ. ಸುಮಾರು 55,000 ಮತಪತ್ರಗಳಲ್ಲಿ ನ್ಯಾಯಾಧೀಶ ಹುದ್ದೆಯ ಒಬ್ಬ ಅಭ್ಯರ್ಥಿಗೆ ಬರೀ 164 ಮತ ಬಿದ್ದಿದೆಯೆಂದು ಹೊಸ ಯಂತ್ರಗಳು ಹೇಳಿದವು. ಅಧಿಕಾರಿಗಳು ಅದೇ ರಾತ್ರಿ ಕಾಗದಗಳನ್ನು ಎಣಿಸಿದಾಗ ಆತ ಸುಮಾರು ಸಾವಿರ ಮತಗಳಿಂದ ಗೆದ್ದಿದ್ದ. ಯಾರೂ ಮೋಸ ಮಾಡಿರಲಿಲ್ಲ, ಯಂತ್ರವನ್ನು ಹೊಂದಿಸುವಾಗ ಆದ ತಪ್ಪು ಅದು. ಕಾಗದದ ಚರ್ಚೆ ಬಹುತೇಕ ಹ್ಯಾಕಿಂಗ್ ಸುತ್ತಲೇ ಸುತ್ತುತ್ತದಾದರೂ, ಕಾಗದ ಇದುವರೆಗೆ ನಿಜವಾಗಿ ಹಿಡಿದುಕೊಟ್ಟದ್ದು ಹೆಚ್ಚಾಗಿ ಇಂಥ ಸಾಮಾನ್ಯ ತಪ್ಪುಗಳನ್ನೇ.

ಯುರೋಪಿನ ದಾರಿ ಬೇರೆ. ಅಲ್ಲಿ ಯಂತ್ರಕ್ಕೆ ಕಾಗದ ಜೋಡಿಸುವ ಬದಲು ಯಂತ್ರವನ್ನೇ ಬಿಟ್ಟವರು ಹೆಚ್ಚು. ನೆದರ್ಲ್ಯಾಂಡ್ಸ್‌ನಲ್ಲಿ 2006ರ ಅಕ್ಟೋಬರಿನಲ್ಲಿ ರೋಪ್ ಖೊಂಗ್ರೈಪ್ ಮತ್ತು ಸಂಗಡಿಗರು ನೆಡಾಪ್ ಮತಯಂತ್ರದ ಚಿಪ್ ಬದಲಿಸಿ ಅದನ್ನು ಚೆಸ್ ಆಡುವಂತೆ ಮಾಡಿ ತೋರಿಸಿದರು. 2008ರ ಹೊತ್ತಿಗೆ ದೇಶ ಪೆನ್ಸಿಲ್ಲು ಕಾಗದಕ್ಕೆ ಮರಳಿತು. ಐರ್ಲೆಂಡ್ 5 ಕೋಟಿ ಯೂರೋ ದಾಟಿದ ಖರ್ಚಿನಲ್ಲಿ ಸುಮಾರು 7,500 ಯಂತ್ರ ತರಿಸಿ, 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪರೀಕ್ಷಿಸಿ, ವರ್ಷಗಟ್ಟಲೆ ಗೋದಾಮಿನಲ್ಲಿಟ್ಟು, ಕೊನೆಗೆ 2012ರಲ್ಲಿ ಸುಮಾರು 70,000 ಯೂರೋಗೆ ಗುಜರಿಗೆ ಹಾಕಿತು.

ಬೆಲ್ಜಿಯಂನ ಪ್ರಸಂಗ ಚಿಕ್ಕದು, ಆದರೆ ತಂತ್ರಜ್ಞರು ಮರೆಯುವುದಿಲ್ಲ. 2003ರ ಮೇ 18ರಂದು ಬ್ರಸೆಲ್ಸ್‌ನ ಸ್ಕಾರ್‌ಬೀಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತದಾರರು ಬಳಸಿದ ಮ್ಯಾಗ್ನೆಟಿಕ್ ಕಾರ್ಡುಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿಸಿದಾಗ ಹೆಚ್ಚಾಗಿದ್ದ ಮತಗಳ ಸಂಖ್ಯೆ ನಿಖರವಾಗಿ 4,096 ಎಂದು ತಿಳಿಯಿತು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಮೆಮೊರಿಯ ಒಂದೇ ಒಂದು ಬಿಟ್ ತನ್ನಷ್ಟಕ್ಕೆ ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ಬಾಹ್ಯಾಕಾಶದ ವಿಕಿರಣ ಕಣ ತಾಗಿರಬಹುದೆಂಬ ಊಹೆಯೂ ಇದೆ. ಆ ಕಾರ್ಡುಗಳು ಇರದಿದ್ದರೆ, ತಪ್ಪು ಅಷ್ಟು ಅಸಂಭವವಾಗಿ ಕಾಣದಿದ್ದರೆ, ಯಾರಿಗೂ ತಿಳಿಯುತ್ತಿರಲಿಲ್ಲ. ಬೆಲ್ಜಿಯಂನಲ್ಲಿ ಯಂತ್ರ ಉಳಿಸಿಕೊಂಡ ಭಾಗಗಳು ನಂತರ ಮುದ್ರಿತ ಚೀಟಿಯ ಪದ್ಧತಿಗೆ ಬದಲಾದವು.

ಈ ಪ್ರಶ್ನೆಯನ್ನು ತಂತ್ರಜ್ಞಾನದಿಂದ ಬಿಡಿಸಿ ತತ್ತ್ವದ ನೆಲೆಗೆ ತಂದದ್ದು ಜರ್ಮನಿಯ ಸಂವಿಧಾನ ನ್ಯಾಯಾಲಯ. 2005ರ ಸಂಸತ್ ಚುನಾವಣೆಯಲ್ಲಿ ಕೆಲವೆಡೆ ಬಳಸಿದ ನೆಡಾಪ್ ಯಂತ್ರಗಳನ್ನು ಇಬ್ಬರು, ತಂದೆ ಮಗ, ಪ್ರಶ್ನಿಸಿದ್ದರು. 2009ರ ಮಾರ್ಚ್ 3ರಂದು ಬಂದ ತೀರ್ಪು ಯಂತ್ರದಲ್ಲಿ ಮೋಸ ನಡೆದಿದೆಯೇ ಎಂದು ಹುಡುಕಲಿಲ್ಲ. ಚುನಾವಣೆ ಸಾರ್ವಜನಿಕ ಕಾರ್ಯ. ಅದರ ಮುಖ್ಯ ಹಂತಗಳನ್ನೂ ಫಲಿತಾಂಶದ ಲೆಕ್ಕವನ್ನೂ ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆ ತಾನೇ ಪರಿಶೀಲಿಸುವಂತಿರಬೇಕು ಎಂದಿತು. ಯಂತ್ರವನ್ನು ತಜ್ಞರು ಮೊದಲೇ ಪರೀಕ್ಷಿಸಿದ್ದಾರೆ, ಸೀಲು ಹಾಕಿದ್ದಾರೆ ಎಂಬುದು ಈ ಕೊರತೆಯನ್ನು ತುಂಬದು. ತಪ್ಪು ನಡೆದ ಪುರಾವೆ ಇಲ್ಲದ್ದರಿಂದ 2005ರ ಫಲಿತಾಂಶ ಹಾಗೆಯೇ ಉಳಿಯಿತು. ಯಂತ್ರಗಳನ್ನು ನ್ಯಾಯಾಲಯ ಸಾರಾಸಗಟಾಗಿ ನಿಷೇಧಿಸಲಿಲ್ಲ. ಮತದಾರ ಪರಿಶೀಲಿಸಬಲ್ಲ ಬೇರೊಂದು ದಾಖಲೆ ಜೊತೆಗಿದ್ದರೆ ಆದೀತೆಂಬ ಬಾಗಿಲು ತೆರೆದಿತ್ತು. ಜರ್ಮನಿ ಮಾತ್ರ ಆ ಬಾಗಿಲಿನತ್ತ ಹೋಗಲಿಲ್ಲ.

ಬ್ರೆಜಿಲ್ ಎದುರು ದಿಕ್ಕಿನಲ್ಲಿ ನಿಂತಿದೆ. 1996ರಿಂದ ಹಂತಹಂತವಾಗಿ ಬಂದ ಅಲ್ಲಿನ ಮತಯಂತ್ರ ಬಿಡಿ ಮತಗಳಿಗೆ ಕಾಗದ ಮುದ್ರಿಸುವುದಿಲ್ಲ. ಮತದಾನ ಮುಗಿದೊಡನೆ ಆ ಮತಗಟ್ಟೆಯ ಒಟ್ಟು ಲೆಕ್ಕವನ್ನು ಮುದ್ರಿಸಿ ಅಲ್ಲೇ ಅಂಟಿಸಲಾಗುತ್ತದೆ. 2015ರಲ್ಲಿ ಮುದ್ರಿತ ಮತದ ಕಾನೂನು ಬಂದರೂ, ಗೌಪ್ಯತೆ ಕೆಡುತ್ತದೆಂದು ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ತಡೆಯಿತು. ಆಮೇಲೆ ಅಧ್ಯಕ್ಷ ಬೊಲ್ಸೊನಾರೊ ಈ ಬೇಡಿಕೆಯನ್ನು ತಮ್ಮ ರಾಜಕೀಯ ಅಸ್ತ್ರ ಮಾಡಿಕೊಂಡರು. 2021ರ ಆಗಸ್ಟಿನಲ್ಲಿ ಸಂವಿಧಾನ ತಿದ್ದುಪಡಿಗೆ ಬೇಕಿದ್ದ 308 ಮತಗಳ ಬದಲು 229 ಮಾತ್ರ ಬಿದ್ದು ಅದು ಸೋತಿತು. ಕಾಗದದ ಬೇಡಿಕೆ ತಾಂತ್ರಿಕವಾಗಿ ಎಷ್ಟೇ ಸರಿಯಿದ್ದರೂ, ಸೋಲುವ ಮುನ್ನವೇ ಫಲಿತಾಂಶವನ್ನು ಹೀಗಳೆಯುವವನ ಬಾಯಲ್ಲಿ ಅದು ಬೇರೆಯೇ ಆಗುತ್ತದೆ ಎಂಬುದನ್ನು ಬ್ರೆಜಿಲ್ ಕಂಡಿತು. ವೆನೆಜುವೆಲಾ ತೋರಿಸಿದ್ದು ಇದರ ಇನ್ನೊಂದು ಮಗ್ಗುಲನ್ನು. 2004ರಷ್ಟು ಹಿಂದೆಯೇ ಅದು ಮತಯಂತ್ರಕ್ಕೆ ಕಾಗದದ ಚೀಟಿ ಜೋಡಿಸಿತ್ತು. 2024ರ ಜುಲೈ ಚುನಾವಣೆಯಲ್ಲಿ ಯಂತ್ರಗಳು ಮುದ್ರಿಸಿದ ಮತಗಟ್ಟೆವಾರು ಲೆಕ್ಕಪಟ್ಟಿಗಳಲ್ಲಿ ಶೇ 80ಕ್ಕೂ ಹೆಚ್ಚನ್ನು ವಿರೋಧ ಪಕ್ಷ ಸಂಗ್ರಹಿಸಿ ಪ್ರಕಟಿಸಿತು. ಚುನಾವಣಾ ಮಂಡಳಿ ತಾನು ಘೋಷಿಸಿದ ಗೆಲುವಿಗೆ ಮತಗಟ್ಟೆವಾರು ಲೆಕ್ಕ ಕೊಡಲೇ ಇಲ್ಲ. ಸಾಕ್ಷಿ ಇತ್ತು, ಅದನ್ನು ಕೇಳುವ ನ್ಯಾಯಪೀಠ ಇರಲಿಲ್ಲ.

ಭಾರತದಲ್ಲಿ ಮತಯಂತ್ರದ ಮೊದಲ ಪ್ರಯೋಗವೇ ಕೋರ್ಟಿನ ಮೆಟ್ಟಿಲು ಹತ್ತಿತ್ತು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಲಾಯಿತು. 123 ಮತಗಳಿಂದ ಸೋತ ಎ.ಸಿ. ಜೋಸ್ ಸುಪ್ರೀಂ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲವೆಂದು ಕೋರ್ಟು 1984ರಲ್ಲಿ ಆ ಮತಗಟ್ಟೆಗಳಿಗೆ ಮತಪತ್ರದ ಮರುಮತದಾನ ವಿಧಿಸಿತು. ಮರುಮತದಾನದಲ್ಲಿ ಜೋಸ್ ಗೆದ್ದರು. ಪ್ರಜಾಪ್ರತಿನಿಧಿ ಕಾಯ್ದೆಗೆ 61ಎ ವಿಧಿ ಸೇರಿ 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆಯೇ ಯಂತ್ರಕ್ಕೆ ಕಾನೂನಿನ ನೆಲೆ ಸಿಕ್ಕಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಎರಡು ಸರ್ಕಾರಿ ಸಂಸ್ಥೆಗಳು ಮಾತ್ರ ಇದನ್ನು ತಯಾರಿಸುತ್ತವೆ. 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಯಂತ್ರದ ಮೇಲೆ ನಡೆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟು ಒಂದು ಚುನಾವಣಾ ತಕರಾರಿನ ತೀರ್ಪಿನಲ್ಲಿ ಮತಯಂತ್ರವನ್ನು ದೇಶದ ಹೆಮ್ಮೆ ಎಂದು ಹೊಗಳಿತು. ಚುನಾವಣಾ ಆಯೋಗ ಆ ಮಾತನ್ನು ಇಂದಿಗೂ ಉದ್ಧರಿಸುತ್ತದೆ.

ಮತಪತ್ರದ ಕಾಲವನ್ನು ಕಂಡವರು ಯಂತ್ರವನ್ನು ಸ್ವಾಗತಿಸಿದ್ದಕ್ಕೆ ಕಾರಣವಿತ್ತು. ಮತಗಟ್ಟೆ ವಶಪಡಿಸಿಕೊಂಡು ಕಟ್ಟುಗಟ್ಟಲೆ ಮತಪತ್ರಕ್ಕೆ ಮುದ್ರೆ ಒತ್ತಿ ತುಂಬುವ ಕಾಲ ಅದು. ಯಂತ್ರ ನಿಮಿಷಕ್ಕೆ ಕೆಲವೇ ಮತ ತೆಗೆದುಕೊಳ್ಳುತ್ತದೆ, ಅಧಿಕಾರಿ ಒಂದು ಗುಂಡಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಮುದ್ರೆ ಎರಡು ಚಿಹ್ನೆಗಳ ನಡುವೆ ಬಿದ್ದು ಮತ ಅಸಿಂಧುವಾಗುವ ಪಾಡೂ ತಪ್ಪಿತು. ಹಳೆಯ ಮತಪತ್ರಕ್ಕೇ ಮರಳೋಣ ಎನ್ನುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಆದರೂ ಪೂರ್ತಿ ಕಾಗದರಹಿತ ಯಂತ್ರದ ಮೇಲಿನ ಅನುಮಾನ ಬೆಳೆಯುತ್ತ ಹೋಯಿತು. 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್ಲ್ಯಾಂಡ್ಸ್‌ನ ಅದೇ ಖೊಂಗ್ರೈಪ್ ಒಂದು ಭಾರತೀಯ ಯಂತ್ರವನ್ನು ಪಡೆದು, ಅಂಕಿ ತೋರಿಸುವ ಫಲಕವನ್ನೇ ಬದಲಿಸಿ ಫಲಿತಾಂಶ ತಿರುಚಬಹುದೆಂದು ತೋರಿಸಿದರು. ಯಂತ್ರ ಎಲ್ಲಿಂದ ಬಂತೆಂದು ಹೇಳದ ಹರಿಪ್ರಸಾದರ ಬಂಧನವೂ ಆಯಿತು. ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿದರೆ ಏನು ಬೇಕಾದರೂ ಮಾಡಬಹುದು, ನಮ್ಮ ಕಾವಲಿನಲ್ಲಿ ಅದು ಸಾಧ್ಯವಿಲ್ಲ ಎಂಬುದು ಆಯೋಗದ ಉತ್ತರ. ಸುಬ್ರಮಣಿಯನ್ ಸ್ವಾಮಿ ಅರ್ಜಿಯ ಮೇಲೆ 2013ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟು, ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆಗೆ ಕಾಗದದ ಜಾಡು ಅನಿವಾರ್ಯವೆಂದು ತೀರ್ಪಿತ್ತು, ಹಂತಹಂತವಾಗಿ ಜಾರಿಗೆ ತರಲು ಹೇಳಿತು. ಅದಕ್ಕೆ ಕೆಲವೇ ವಾರಗಳ ಮುಂಚೆ ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಮೊದಲ ಬಾರಿ ಬಳಕೆಯಾಗಿತ್ತು. 2014ರ ಲೋಕಸಭಾ ಚುನಾವಣೆಯಲ್ಲಿ ಎಂಟು ಕ್ಷೇತ್ರಗಳಲ್ಲಿ ಅದನ್ನು ಇಟ್ಟರು. ಬೆಂಗಳೂರು ದಕ್ಷಿಣ ಅವುಗಳಲ್ಲೊಂದು. 2019ರಲ್ಲಿ ದೇಶದ ಪ್ರತಿ ಮತಗಟ್ಟೆಗೂ ಅದು ಬಂದಿತು.

ಕಾರ್ಯವಿಧಾನ ಹೀಗಿದೆ. ಮತದಾರ ಬ್ಯಾಲೆಟ್ ಯೂನಿಟ್ಟಿನ ನೀಲಿ ಗುಂಡಿ ಒತ್ತಿದಾಗ ಸಂಕೇತ ವಿವಿಪ್ಯಾಟ್ ಮೂಲಕ ಹಾದು, ಮತ ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್ಟಿಗೆ ಹೋಗುತ್ತದೆ. ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಬೆಳಕಿನಲ್ಲಿ ಕಂಡು, ಕತ್ತರಿಸಿ ಡಬ್ಬಿಗೆ ಬೀಳುತ್ತದೆ. ಕತ್ತರಿಸುವುದು ಮುಖ್ಯ: ಅಮೆರಿಕದ ಕೆಲವು ಯಂತ್ರಗಳಲ್ಲಿ ಚೀಟಿಗಳು ಒಂದೇ ಸುರುಳಿಯಲ್ಲಿ ಉಳಿಯುತ್ತಿದ್ದುದರಿಂದ, ಮತದಾರರು ಬಂದ ಸರದಿ ಗೊತ್ತಿದ್ದವರಿಗೆ ಯಾರ ಮತ ಯಾರಿಗೆಂದು ಗೊತ್ತಾಗುವ ಅಪಾಯವಿತ್ತು. ಕಂಟ್ರೋಲ್ ಯೂನಿಟ್ಟಿಗೆ ಅಭ್ಯರ್ಥಿಗಳ ಹೆಸರು ತಿಳಿದಿರುವುದಿಲ್ಲ, ಎಷ್ಟನೇ ಗುಂಡಿ ಎಂದಷ್ಟೇ ತಿಳಿದಿರುತ್ತದೆ. ವಿವಿಪ್ಯಾಟ್ ಹಾಗಲ್ಲ, ಚಿಹ್ನೆಯನ್ನು ಮುದ್ರಿಸಬೇಕಾದ್ದರಿಂದ ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ಹೊರಗಿನಿಂದ ಚಿಹ್ನೆಗಳನ್ನು ಅದಕ್ಕೆ ತುಂಬಬೇಕಾಗುತ್ತದೆ. ಸಾಕ್ಷಿಯಾಗಿ ಬಂದ ಪೆಟ್ಟಿಗೆಯೇ ಹೊಸದೊಂದು ಪ್ರಶ್ನೆಯನ್ನೂ ತಂದಿತು ಎಂದು ಟೀಕಾಕಾರರು ಹೇಳುವುದು ಇದನ್ನೇ.

ಮತದಾರ ತನ್ನ ಚೀಟಿ ತಪ್ಪಾಗಿ ಬಂತೆಂದರೆ ಏನಾಗುತ್ತದೆ? ಚುನಾವಣಾ ನಡಾವಳಿ ನಿಯಮಗಳ 49ಎಂಎ ಪ್ರಕಾರ ಆತ ಲಿಖಿತ ಘೋಷಣೆ ಕೊಡಬೇಕು. ಮತಗಟ್ಟೆ ಅಧಿಕಾರಿ, ಏಜೆಂಟರ ಎದುರು ಒಂದು ಪರೀಕ್ಷಾ ಮತ ಹಾಕಬೇಕು. ಈ ಸಲ ಚೀಟಿ ಸರಿಯಾಗಿ ಬಂದರೆ ಸುಳ್ಳು ಹೇಳಿದ ಅಪರಾಧಕ್ಕೆ ಆತ ಗುರಿಯಾಗಬಹುದು. ಇಂಥ ದೂರುಗಳು ದೇಶದಲ್ಲಿ ಬೆರಳೆಣಿಕೆಯಷ್ಟು, ಎಲ್ಲವೂ ಸುಳ್ಳೆಂದು ಕಂಡವು ಎಂಬುದು ಆಯೋಗದ ಲೆಕ್ಕ. ಆದರೆ ಮೊದಲ ಮತದಲ್ಲಿ ನಡೆದದ್ದನ್ನು ಎರಡನೇ ಮತದಿಂದ ಸಾಬೀತುಪಡಿಸಲು ಬರುವುದಿಲ್ಲ. ಜೈಲಿನ ಹೆದರಿಕೆಯ ನಿಯಮವೊಂದು ದೂರನ್ನು ಕಡಿಮೆ ಮಾಡಿದರೆ ಅದರಿಂದ ಯಂತ್ರದ ಗುಣ ತಿಳಿಯುವುದೂ ಇಲ್ಲ.

ಭಾರತದ ಕಾನೂನಿನ ಗಟ್ಟಿ ಭಾಗ 56ಡಿ ನಿಯಮ. ಕಂಟ್ರೋಲ್ ಯೂನಿಟ್ ತೋರಿಸಿದ ಲೆಕ್ಕಕ್ಕೂ ಚೀಟಿಗಳ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ. ಕಾಗದವನ್ನು ಬರೀ ಅಲಂಕಾರಕ್ಕಿಟ್ಟುಕೊಂಡ ದೇಶಗಳಿಗಿಂತ ಇದು ಮುಂದಿದೆ. ಹಾಗಾದರೆ ಚೀಟಿಗಳನ್ನು ಎಷ್ಟು ಎಣಿಸಬೇಕು? ಜಗಳವೆಲ್ಲ ಇಲ್ಲಿದೆ.

ಮೊದಲು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದು ಮತಗಟ್ಟೆಯ ಚೀಟಿಗಳನ್ನು ಎಣಿಸುತ್ತಿದ್ದರು. ಅರ್ಧದಷ್ಟು ಎಣಿಸಬೇಕೆಂದು 21 ವಿರೋಧ ಪಕ್ಷಗಳು ಕೇಳಿದವು. 2019ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಒಂದನ್ನು ಐದಕ್ಕೆ ಏರಿಸಿತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ತಜ್ಞರ ನೆರವಿನಿಂದ ಬಂದ ವರದಿಯೊಂದು, ಇಡೀ ದೇಶಕ್ಕೆ ಸೇರಿ 479 ಯಂತ್ರ ಸಾಕೆಂದಿತ್ತು. ಕೋರ್ಟು ಕೊಟ್ಟದ್ದು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಹಾಗಿದ್ದೂ ಅರ್ಜಿದಾರರಿಗೆ ತೃಪ್ತಿಯಾಗಲಿಲ್ಲವೇಕೆ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಒತ್ತಿ ನೋಡಿದರೆ ಸಾಕು. ಪಾತ್ರೆ ಒಂದೇ ಆದ್ದರಿಂದ. ಚುನಾವಣೆಯಲ್ಲಿ ಪ್ರತಿ ಕ್ಷೇತ್ರವೂ ಬೇರೆ ಪಾತ್ರೆ. ದೇಶದ ಯಂತ್ರಗಳಲ್ಲಿ ಶೇ 2ರಷ್ಟು ಕೆಟ್ಟಿದ್ದು ಅವು ಎಲ್ಲೆಡೆ ಹರಡಿದ್ದರೆ, 479 ಯಂತ್ರಗಳ ಮಾದರಿ ಅದನ್ನು ತಪ್ಪದೆ ಹಿಡಿಯುತ್ತದೆ. ಆದರೆ ಸೋತ ಅಭ್ಯರ್ಥಿಗೆ ಬೇಕಾದದ್ದು ದೇಶದ ಸರಾಸರಿಯಲ್ಲ, ತನ್ನ ಕ್ಷೇತ್ರದ ಸತ್ಯ. ಒಂದು ವಿಧಾನಸಭಾ ಕ್ಷೇತ್ರದಲ್ಲಿ 250 ಮತಗಟ್ಟೆಗಳಿವೆ, ಅವುಗಳಲ್ಲಿ 25ರ ಲೆಕ್ಕ ಕೆಟ್ಟಿದೆ ಎಂದುಕೊಳ್ಳೋಣ. ಚೀಟಿ ಎತ್ತಿ ಆರಿಸಿದ ಐದರಲ್ಲಿ ಕೆಟ್ಟದ್ದೊಂದಾದರೂ ಸಿಗುವ ಸಂಭವ ಸುಮಾರು ಶೇ 41. ಕೆಟ್ಟವು ಮೂರೇ ಆಗಿದ್ದರೆ ಶೇ 6. ಲೋಕಸಭಾ ಕ್ಷೇತ್ರದಲ್ಲಿ ಅಂಥ ಏಳೆಂಟು ವಿಧಾನಸಭಾ ಭಾಗಗಳು ಸೇರುವುದರಿಂದ ಮಾದರಿ 35 ಅಥವಾ 40ಕ್ಕೇರುತ್ತದೆ. ಹತ್ತಕ್ಕೊಂದು ಯಂತ್ರ ಕೆಟ್ಟಿದ್ದರೆ ಅದು ಸಿಕ್ಕಿಬೀಳುವ ಸಂಭವ ಶೇ 97 ದಾಟುತ್ತದೆ. ಅಂದರೆ ಒಂದೇ ನಿಯಮ ಲೋಕಸಭೆಗೆ ಬಲವಾದ ಕಾವಲು, ವಿಧಾನಸಭೆಗೆ ಸಡಿಲ ಕಾವಲು. ಅದರಲ್ಲೂ ಅಂತರ ದೊಡ್ಡದಿದ್ದಾಗ ಫಲಿತಾಂಶ ತಿರುಚಲು ಬಹಳ ಯಂತ್ರಗಳು ಕೆಡಬೇಕಾದ್ದರಿಂದ ಐದು ಎಣಿಸಿದರೂ ಒಂದಿಷ್ಟು ಅರ್ಥವಿದೆ. ಅಂತರ ಕಿರಿದಾದಾಗ ಏನೂ ಅರ್ಥವಿಲ್ಲ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ ಮರು ಎಣಿಕೆಯ ನಂತರ 16 ಮತಗಳಲ್ಲಿ ತೀರ್ಮಾನವಾಯಿತು. ಕೋಲಾರ ಜಿಲ್ಲೆಯ ಮಾಲೂರಿನ ಅಂತರ 248. ಆ ಆಯ್ಕೆಯನ್ನು 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅಸಿಂಧುಗೊಳಿಸಿ ಮರು ಎಣಿಕೆಗೆ ಹೇಳಿತು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಇಂಥ ಕ್ಷೇತ್ರಗಳಿಗೂ ಐವತ್ತು ಸಾವಿರದ ಅಂತರದ ಕ್ಷೇತ್ರಗಳಿಗೂ ಒಂದೇ ಐದರ ಅಳತೆ ಇಡುವುದು ಲೆಕ್ಕಕ್ಕೆ ಒಗ್ಗುವ ಮಾತಲ್ಲ.

ಈ ಗಂಟನ್ನು ಬಿಡಿಸುವ ವಿಧಾನವನ್ನು ಬರ್ಕ್‌ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ 2008ರ ಹೊತ್ತಿಗೆ ರೂಪಿಸಿದರು. ತಪ್ಪು ಫಲಿತಾಂಶ ನುಸುಳುವ ಸಂಭವ ಎಷ್ಟಕ್ಕೆ ಮೀರಬಾರದೆಂದು ಮೊದಲೇ ನಿಗದಿಪಡಿಸಿ, ಗೆಲುವಿನ ಅಂತರಕ್ಕೆ ತಕ್ಕಂತೆ ಕಾಗದಗಳನ್ನು ಎಣಿಸುತ್ತ ಹೋಗುವುದು. ನಿಗದಿಯಾದ ಖಾತ್ರಿ ಸಿಕ್ಕೊಡನೆ ನಿಲ್ಲಿಸುವುದು, ಸಿಗದಿದ್ದರೆ ಪೂರ್ತಿ ಎಣಿಸುವುದು. 2017ರಲ್ಲಿ ಅಮೆರಿಕದ ಕೊಲೊರಾಡೊ ಇದನ್ನು ಇಡೀ ರಾಜ್ಯದಲ್ಲಿ ಮೊದಲು ಜಾರಿಗೊಳಿಸಿತು. ಯಾವ ಕಾಗದ ಆರಿಸಬೇಕೆಂದು ತಿಳಿಯಲು ಅಲ್ಲಿ ಸಾರ್ವಜನಿಕರ ಎದುರು ಹತ್ತು ಮುಖದ ದಾಳಗಳನ್ನು ಎಸೆಯುತ್ತಾರೆ. 2020ರಲ್ಲಿ ಜಾರ್ಜಿಯಾದ ಅಧ್ಯಕ್ಷೀಯ ಫಲಿತಾಂಶದ ಅಂತರ ತೀರ ಚಿಕ್ಕದಿದ್ದುದರಿಂದ ಸುಮಾರು 50 ಲಕ್ಷ ಮತಪತ್ರಗಳನ್ನೂ ಕೈಯಲ್ಲೇ ಎಣಿಸಲಾಯಿತು. ಕೆಲವು ಕೌಂಟಿಗಳಲ್ಲಿ ಲೆಕ್ಕಕ್ಕೆ ಸೇರದೆ ಉಳಿದಿದ್ದ ಸಾವಿರಾರು ಮತಗಳು ಸಿಕ್ಕವು, ಗೆದ್ದವರು ಬದಲಾಗಲಿಲ್ಲ.

ಭಾರತಕ್ಕೆ ಈ ತರ್ಕ ಅಪರಿಚಿತವೂ ಅಲ್ಲ. ಮತದಾನಕ್ಕೆ ಮುನ್ನ ಯಂತ್ರದ ಪರೀಕ್ಷೆಗೆ ನಡೆಸುವ ಅಣಕು ಮತದಾನದ ಮತಗಳನ್ನು ಅಳಿಸಲು ಮತಗಟ್ಟೆ ಅಧಿಕಾರಿ ಮರೆತ ಯಂತ್ರಗಳನ್ನು ಪಕ್ಕಕ್ಕಿಟ್ಟು, ಗೆಲುವಿನ ಅಂತರ ಆ ಮತಗಟ್ಟೆಗಳ ಮತಗಳಿಗಿಂತ ಕಡಿಮೆಯಿದ್ದರೆ ಮಾತ್ರ ಅವುಗಳ ಚೀಟಿ ಎಣಿಸಬೇಕೆಂದು ಆಯೋಗದ ಸೂಚನೆಯೇ ಇದೆ. ಅದೇ ಅಳತೆಯನ್ನು ಎಲ್ಲ ಕಡೆಗೆ ಹಿಗ್ಗಿಸಿದರೆ ಪೂರ್ತಿ ಎಣಿಕೆಯ ಹೊರೆಯೂ ಇಲ್ಲ, ಐದರ ಕೊರತೆಯೂ ಇಲ್ಲ.

2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ಮತಪತ್ರಕ್ಕೆ ಮರಳುವ ಬೇಡಿಕೆಯನ್ನೂ ಎಲ್ಲ ಚೀಟಿಗಳ ಎಣಿಕೆಯನ್ನೂ ತಳ್ಳಿಹಾಕಿತು. ಅದುವರೆಗೆ ತಾಳೆ ನೋಡಿದ 41 ಸಾವಿರಕ್ಕೂ ಹೆಚ್ಚು ವಿವಿಪ್ಯಾಟ್‌ಗಳಲ್ಲಿ ವ್ಯತ್ಯಾಸ ಕಂಡದ್ದು ಆಂಧ್ರದ ಮೈದುಕೂರಿನ ಒಂದು ಮತಗಟ್ಟೆಯಲ್ಲಿ, ಅದೂ ಅಣಕು ಮತ ಅಳಿಸದ ಕಾರಣಕ್ಕೆ, ಎಂಬ ಲೆಕ್ಕವನ್ನು ಕೋರ್ಟು ಒಪ್ಪಿಕೊಂಡಿತು. ಜೊತೆಗೆ ಎರಡು ನಿರ್ದೇಶನ ಕೊಟ್ಟಿತು. ಚಿಹ್ನೆ ತುಂಬುವ ಸಾಧನಗಳನ್ನು ಫಲಿತಾಂಶದ ನಂತರ 45 ದಿನ ಸೀಲು ಮಾಡಿ ಇಡಬೇಕು. ಎರಡನೇ, ಮೂರನೇ ಸ್ಥಾನ ಪಡೆದವರು ಏಳು ದಿನದೊಳಗೆ ಕೇಳಿದರೆ, ಅವರ ಖರ್ಚಿನಲ್ಲಿ, ಪ್ರತಿ ವಿಧಾನಸಭಾ ಭಾಗದ ಶೇ 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರನ್ನು ತಯಾರಕರ ಎಂಜಿನಿಯರುಗಳು ಪರೀಕ್ಷಿಸಬೇಕು. ಮೋಸ ಕಂಡರೆ ಖರ್ಚು ವಾಪಸ್. ಚೀಟಿಗೆ ಬಾರ್‌ಕೋಡ್ ಹಾಕಿ ಯಂತ್ರದಿಂದ ಎಣಿಸುವ ಸಲಹೆಯನ್ನೂ ಪರಿಶೀಲಿಸಲು ಹೇಳಿತು. ಈ ತೀರ್ಪಿನಲ್ಲಿ ಒಂದು ವಿಚಿತ್ರವಿದೆ: ಸಾಮಾನ್ಯ ಏಜೆಂಟ್ ಎಣಿಸಬಲ್ಲ ಚೀಟಿಯ ಬದಲು, ಎಂಜಿನಿಯರ್ ಮಾತ್ರ ಓದಬಲ್ಲ ಚಿಪ್ಪಿನ ಕಡೆಗೆ ಸೋತವರನ್ನು ಅದು ಕಳಿಸಿತು. ಬಾರ್‌ಕೋಡೂ ಹಾಗೆಯೇ, ಮತದಾರ ಓದುವುದು ಹೆಸರನ್ನು, ಯಂತ್ರ ಎಣಿಸುವುದು ಗೆರೆಗಳನ್ನು.

ಕಾಗದಕ್ಕೆ ಇರುವ ಆಕ್ಷೇಪಗಳು ಹಗುರವಲ್ಲ. ಯಂತ್ರದ ಎಲ್ಲ ಭಾಗಗಳಲ್ಲಿ ಹೆಚ್ಚು ಕೆಡುವುದು ಮುದ್ರಕವೇ. 2018ರ ಮೇ ತಿಂಗಳ ಬಿಸಿಲಿನಲ್ಲಿ ಉತ್ತರ ಪ್ರದೇಶದ ಕೈರಾನಾ, ಮಹಾರಾಷ್ಟ್ರದ ಭಂಡಾರಾ-ಗೋಂದಿಯಾ ಉಪಚುನಾವಣೆಗಳಲ್ಲಿ ವಿವಿಪ್ಯಾಟ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಬದಲಿಸಬೇಕಾಯಿತು. ಅಮೆರಿಕದ ಓಹಾಯೊದ ಕ್ಯುಯಾಹೊಗಾ ಕೌಂಟಿಯಲ್ಲಿ 2006ರಲ್ಲಿ ನಡೆದ ಪರಿಶೀಲನೆ, ಕಾಗದದ ದಾಖಲೆಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಹರಿದೋ ಮಾಸಿಯೋ ಕಾಣೆಯಾಗಿಯೋ ಇದ್ದುದನ್ನು ತೋರಿಸಿತು. ಕಣ್ಣು ಕಾಣದವರಿಗೆ ಗಾಜಿನ ಹಿಂದಿನ ಚೀಟಿಯಿಂದ ಏನೂ ಪ್ರಯೋಜನವಿಲ್ಲ. ಭಾರತದ ಬ್ಯಾಲೆಟ್ ಯೂನಿಟ್ಟಿನಲ್ಲಿ ಬ್ರೈಲ್ ಅಂಕಿ ಇದೆ, ಚೀಟಿಗೆ ಅಂಥದ್ದೇನೂ ಇಲ್ಲ. ಎಲ್ಲಕ್ಕಿಂತ ಇರುಸುಮುರುಸಿನ ಆಕ್ಷೇಪ ಮತದಾರನ ಬಗ್ಗೆಯೇ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುದ್ರಿತ ಮತಪತ್ರದಲ್ಲಿ ಬೇಕೆಂದೇ ಒಂದು ಆಯ್ಕೆಯನ್ನು ಬದಲಿಸಿದ್ದರು. ಯಾರೂ ಎಚ್ಚರಿಸದಿದ್ದಾಗ ತಪ್ಪನ್ನು ಅಧಿಕಾರಿಗೆ ಹೇಳಿದವರು ಶೇ 6.6 ಮಾತ್ರ, ಮತಪತ್ರವನ್ನು ಸ್ಕ್ಯಾನರಿಗೆ ಹಾಕುವ ಮುನ್ನ ಪರಿಶೀಲಿಸಿ ಎಂದು ಬಾಯಿಬಿಟ್ಟು ಹೇಳಿದಾಗ ಪ್ರಮಾಣ ಏರಿತು. ಹತ್ತಾರು ಪುಟ್ಟ ಹುದ್ದೆಗಳಿಗೆ ಒಟ್ಟಿಗೆ ಮತ ಹಾಕುವ ಅಮೆರಿಕದ ಉದ್ದ ಮತಪತ್ರಕ್ಕೂ, ಒಂದೇ ಹೆಸರು ಒಂದೇ ಚಿಹ್ನೆ ಇರುವ ಭಾರತದ ಚೀಟಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. ಚಿಹ್ನೆ ಬೇರೆ ಕಂಡರೆ ಓದು ಬಾರದವರೂ ಗುರುತಿಸುತ್ತಾರೆ. ಸಮಯದ ಆಕ್ಷೇಪ ಮಾತ್ರ ಅಷ್ಟು ತೂಕದ್ದಲ್ಲ. ಮತದಾನ ಆರೇಳು ವಾರ ಹರಡಿಕೊಳ್ಳುವ ದೇಶದಲ್ಲಿ, ಅಂತರ ಕಿರಿದಾದ ಕೆಲವು ಕ್ಷೇತ್ರಗಳ ಎಣಿಕೆ ಇನ್ನೊಂದು ದಿನ ಹಿಡಿದರೆ ಆಗುವ ನಷ್ಟ ಏನೆಂದು ಯಾರೂ ಮನವರಿಕೆ ಮಾಡಿಕೊಟ್ಟಿಲ್ಲ.

ವಿವಿಪ್ಯಾಟ್ ನಿಯಮಗಳ ವ್ಯಾಪ್ತಿ ಲೋಕಸಭೆ ಮತ್ತು ವಿಧಾನಸಭೆಗಳಿಗೆ ನಿಲ್ಲುತ್ತದೆ. ಪಂಚಾಯಿತಿ, ನಗರಸಭೆ, ಪಾಲಿಕೆಗಳ ಚುನಾವಣೆ ರಾಜ್ಯ ಚುನಾವಣಾ ಆಯೋಗಗಳ ಕೈಯಲ್ಲಿದ್ದು, ಯಂತ್ರವೋ ಮತಪತ್ರವೋ ಎಂಬುದನ್ನು ಆಯಾ ರಾಜ್ಯದ ಕಾನೂನು ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ಬಹುಮಟ್ಟಿಗೆ ಮತಪತ್ರದಲ್ಲೇ ನಡೆದುಕೊಂಡು ಬಂದಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಂದಿನ ಎಲ್ಲ ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ಮತಪತ್ರ ಬಳಸುವಂತೆ ರಾಜ್ಯ ಆಯೋಗಕ್ಕೆ ಶಿಫಾರಸು ಮಾಡಲು ನಿರ್ಧರಿಸಿತು. ಅಲ್ಲಿ ಚರ್ಚೆ ನಡೆದದ್ದು ಯಂತ್ರ ಅಥವಾ ಮತಪತ್ರ ಎಂಬ ಎರಡರ ನಡುವೆ ಮಾತ್ರ; ಯಂತ್ರದ ಜೊತೆಗೆ ಕಾಗದವಿಟ್ಟು, ಅಂತರ ನೋಡಿ ಎಣಿಸುವ ಮೂರನೇ ದಾರಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಯಾವ ಪಕ್ಷವೂ ಗಟ್ಟಿಯಾಗಿ ಕೇಳಲಿಲ್ಲ.